ಸುಟ್ಟ ಪ್ಲಗ್ಗುಗಳು

ಪೊಲೀಸ್ ನೌಕರಿಯ ಓಟದ ಪರೀಕ್ಷೆಗೆ ಕಸ್ತೂರಿಗೆ ಅದೇ ಕೊನೆಯ ಅವಕಾಶ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಜಿಲ್ಲಾ ಮೈದಾನದ ಗೇಟು ಎಂಟಕ್ಕೆ ಮುಚ್ಚುತ್ತದೆ, ಊರಿನ ಮೊದಲ ಬಸ್ಸು ಎಂಟಕ್ಕೇ ಹೊರಡುತ್ತದೆ. ಅದಕ್ಕೇ ಅಪ್ಪ ಏಳಕ್ಕೆಲ್ಲ ಕಾರು ಹತ್ತಿ ಕೀಲಿ ತಿರುವಿದರು. ಎಂಜಿನ್ ಕೆಮ್ಮಿತೇ ಹೊರತು ಚಾಲೂ ಆಗಲಿಲ್ಲ. ಇಬ್ಬರೂ ಬೆವರು ಸುರಿಸಿ ತಳ್ಳಿದರು. ಎಂಟು ಹೊಡೆದಾಗ ಅಪ್ಪ ಬಾನೆಟ್ಟಿಗೆ ಹಣೆ ಹಚ್ಚಿ ಅತ್ತರು.

"ನನ್ನ ಹಣೇಬರಾ. ನೀವ್ಯಾಕ ಅಳ್ತೀರಿ ಅಪ್ಪಾ" ಎಂದು ಅವಳೇ ಬೆನ್ನು ಸವರಿದಳು.

ತಿಂಗಳಾದ ಮೇಲೆ ಮೆಕ್ಯಾನಿಕ್ ದಾವಲಸಾಬರ ಗ್ಯಾರೇಜಿಗೆ ಹೋದಳು. "ಕಾಕಾ, ಸ್ಪಾರ್ಕ್ ಪ್ಲಗ್ ಬಿಚ್ಚೋದು, ಹಾಕೋದು ನನಗ ಕಲಿಸ್ರಿ. ಅಪ್ಪ ಮತ್ತ ಹಂಗ ಅಳೂದು ಬ್ಯಾಡ."

ಮಸಿ ಹೇಗೆ ತಿಕ್ಕಬೇಕು, ತುದಿಯ ಸಂದು ಎಷ್ಟಿರಬೇಕು, ಬಿಗಿ ಮಾಡಲು ಪಾನಾ ಹಚ್ಚುವ ಮೊದಲು ಕೈಯಿಂದಲೇ ಹೇಗೆ ತಿರುಗಿಸಿ ಕೂರಿಸಬೇಕು, ಎಲ್ಲವನ್ನೂ ಅವರು ತೋರಿಸಿದರು.

"ಇಷ್ಟು ಗೊತ್ತಿದ್ದಿದ್ರ ಅವತ್ತ ಪರೀಕ್ಷೆ ತಪ್ತಿರಲಿಲ್ಲ" ಎಂದಳು. "ನಾಲ್ಕೂ ಪ್ಲಗ್ ಸುಟ್ಟಿದ್ವಂತ. ಆಮೇಲೆ ಅಪ್ಪನೇ ಬಿಚ್ಚಿ ತೋರಿಸಿದ್ರು."

ದಾವಲಸಾಬರ ಕೈ ನಿಂತಿತು. "ಹಿಂದಿನ ದಿನಾನ ಹೊಸಾವು ಹಾಕಿ ಕೊಟ್ಟಿದ್ನಲ್ಲವಾ."

"ಮತ್ತ ಸುಟ್ಟಾವು ಎಲ್ಲಿಂದ ಬಂದ್ವು?"

ಅವರು ಪಾನಾ ಕೆಳಗಿಟ್ಟು, ಅವಳ ಮುಖ ನೋಡದೆ ಹೇಳಿದರು: "ಹೊಸಾವು ಹಾಕಿದ ದಿನಾನ ಸಂಜೀಕ ನಿಮ್ಮಪ್ಪ ತಿರುಗಿ ಬಂದಿದ್ರು. ನನ್ನ ಗುಜರಿ ಡಬ್ಬಿಯೊಳಗಿಂದ ನಾಲ್ಕು ಕೆಟ್ಟ ಪ್ಲಗ್ ಆರಿಸಿ ಒಯ್ದ್ರವಾ."