ಮಗ್ಗದ ಕುಣಿಯಲ್ಲಿ ಅಜ್ಜಿಯ ಕಾಲು

ಗಂಜಿ ಹಾಕಿದ ಹೊಸ ಸೀರೆಯ ವಾಸನೆ ಬಂದರೆ, ದಣಿದ ನನ್ನ ಕಾಲುಗಳು ಈಗಲೂ ತಾವಾಗಿಯೇ ಮೇಲೆ ಸರಿಯುತ್ತವೆ.

ಆಗ ನಾವು ರಬಕವಿಯಲ್ಲಿದ್ದೆವು. ಕಾಲು ಇಳಿಬಿಟ್ಟು ತುಳಿಯುವ ಮಗ್ಗದ ಕುಣಿಯಲ್ಲಿ ಅವ್ವನಿಗೆ ಚೇಳು ಕಚ್ಚಿ, ಅವಳು ನರಳುತ್ತ ಮಲಗಿದ್ದಳು. ಸಂಜೆ ಸೀರೆ ಒಯ್ಯಲು ಸಾಹುಕಾರ ಬರುವಷ್ಟರಲ್ಲಿ, ಉಳಿದ ಮೊಳದಷ್ಟು ಸೀರೆಯನ್ನು ನಾನೇ ನೇಯಬೇಕಿತ್ತು. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಚೇಳು ಇನ್ನೂ ಸಿಕ್ಕಿರಲಿಲ್ಲ.

“ಕಾಲು ಇಳಿಬಿಡ ಬೇ, ಯೇಸಪ್ಪ ನಿನ್ನ ಜೋಡಿ ಅದಾನ,” ಅಂದಳು ಅಜ್ಜಿ, ಕೊರಳಿನ ಶಿಲುಬೆ ಮುಟ್ಟಿ.

“ಹಂಗಾರ ಮೊದ್ಲ ಅವನ್ನ ಇಳಿಸು!”

“ಮುಂಜಾನಿಂದ ಕರದ ಕರದ ಅವನ್ನೂ ದಣಿಸೇನಿ. ತಡಿ, ನಾನ ಇಳಿತೀನಿ.”

ಅಜ್ಜಿ ಪ್ರಾರ್ಥನೆ ಗೊಣಗುತ್ತ ಕುಣಿಯ ಅಂಚಿಗೆ ಕುಳಿತು, ಬರಿಗಾಲಿನಿಂದ ಮೂಲೆ ಮೂಲೆ ತಡವಿದಳು. ಒಂದು ಕೈಯಲ್ಲಿ ನನ್ನ ಹೆಗಲು ಹಿಡಿದಿದ್ದಳು.

“ಏನೂ ಇಲ್ಲ, ಬಾ.”

ನಾನು ಪಕ್ಕದಲ್ಲಿ ಕಾಲು ಇಳಿಬಿಟ್ಟೆ. ಸೀರೆ ಮುಗಿದು ಲಾಳಿ ನಿಲ್ಲುವವರೆಗೂ ಅಜ್ಜಿ ತನ್ನ ಕಾಲು ಮೇಲೆತ್ತಲಿಲ್ಲ.