ಕೊಂದವನು ಡಾಕ್ಟರ್

ಬಾಡಿಗೆ ಪುಸ್ತಕದಂಗಡಿಯ ಮೇಜಿನ ಮೇಲೆ ಕಮಲಾಕ್ಷಮ್ಮ ಎರಡು ಕಾದಂಬರಿಗಳನ್ನು ದೊಪ್ಪನೆ ಹಾಕಿದರು.

"ಈ ದೆವ್ವದ ಕಥೆ ಓದ್ತಾ ಓದ್ತಾ ಸೊಗಸಾಗಿ ನಿದ್ದೆ ಬಂತು ಶಾಮಣ್ಣ. ಆ ಪತ್ತೇದಾರಿಯಲ್ಲಿ ಕೊಲೆಗಾರ ಯಾರಂತ ಹತ್ತನೇ ಪುಟಕ್ಕೇ ಗೊತ್ತಾಗೋಯ್ತು. ಇನ್ನೊಂದು ಹೀಗೇ ಕೊಟ್ಟರೆ ಮೆಂಬರ್‌ಶಿಪ್ ಬಿಟ್ಟುಬಿಡ್ತೀನಿ."

ಶಾಮಣ್ಣ ಒಳಗೆ ಹೋಗಿ ಮತ್ತೊಂದನ್ನು ತಂದುಕೊಟ್ಟ. ಅವರು ಮನೆಗೆ ಬಂದು ತೆರೆದರೆ, ಮೊದಲ ಪುಟದಲ್ಲೇ ಪೆನ್ಸಿಲ್ ಗೀಚು: 'ಕೊಂದವನು ಡಾಕ್ಟರ್.' ಓದಿ ಮುಗಿಸಿದವರು ಹೀಗೆ ಗುಟ್ಟು ಬಿಟ್ಟುಕೊಡುವುದು ಆ ಅಂಗಡಿಯ ಪುಸ್ತಕಗಳಿಗೆ ಹಳೆಯ ರೋಗ. ಕಮಲಾಕ್ಷಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ಕೈಯಲ್ಲಿ ಬೇರೆ ಪುಸ್ತಕವಿಲ್ಲದೆ ಓದಿದರು.

ಮರುದಿನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದರು.

"ಡಾಕ್ಟರ್ ಮೇಲೇ ಕಣ್ಣಿಟ್ಕೊಂಡು ಓದ್ದೆ ಕಣಯ್ಯ. ಕೊನೇಲಿ ನೋಡಿದ್ರೆ ಕೊಂದಿದ್ದು ಸೋದರತ್ತೆ! ಎದೆ ಝಲ್ ಅಂತು. ಆ ಸುಳ್ಳು ಗೀಚಿದ ಪುಣ್ಯಾತ್ಮ ಯಾರೋ, ಕಾದಂಬರಿ ಬರೆದವನಿಗಿಂತ ಜಾಣ. ಇಂಥದ್ದೇ ಇನ್ನೊಂದು ಕೊಡು."

"ಐದು ನಿಮಿಷ ಕೂತ್ಕೊಳಿ ಅಮ್ಮ," ಎಂದ ಶಾಮಣ್ಣ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಹೊಸ ಕಾದಂಬರಿಯ ಮೊದಲ ಪುಟ ತೆರೆದ.