ಹಿಂದೆ ಇಟ್ಟ ಫ್ಲಾಸ್ಕ್

"ಇದೂ ಸತ್ತಿದೆ," ಎಂದು ಲ್ಯಾಬಿನ ಮುಖ್ಯಸ್ಥ ಫ್ಲಾಸ್ಕನ್ನು ಟೆಕ್ನಿಷಿಯನ್ ಹುಡುಗಿಯ ಮೂಗಿನ ಮುಂದೆ ಹಿಡಿದು ಕುಲುಕಿದ. "ಮೂರು ಮೊಲ ಹೋದವು ನಿಮ್ಮ ಕೈಗುಣಕ್ಕೆ. ನಾಳೆಯಿಂದ ಬರೋದು ಬೇಡ."

ಮೊಲದ ಮೂಳೆಮಜ್ಜೆಯಿಂದ ತೆಗೆದ ಸ್ಟೆಮ್ ಸೆಲ್ ಎಂಬ ಎಳೆಯ ಕೋಶಗಳು ಫ್ಲಾಸ್ಕಿನ ತಳಕ್ಕೆ ಕಚ್ಚಿಕೊಂಡರೆ ಮಾತ್ರ ಬದುಕುತ್ತವೆ. ಅದಕ್ಕೇ ಮೊದಲ ಮೂರು ದಿನ ಯಾರೂ ಮುಟ್ಟಬಾರದು. ಹಾಗೆಂದು ಅವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲಿಗೆ ಚೀಟಿ ಅಂಟಿಸಿದವನು ಅವನೇ. ಮಾರನೆಯ ಬೆಳಿಗ್ಗೆಯಿಂದಲೇ ಅದೇ ಬಾಗಿಲು ತೆಗೆದು, ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಹೀಗೇ ಕುಲುಕಿ ನೋಡುತ್ತಿದ್ದವನೂ ಅವನೇ. ಅವಳು ಒಮ್ಮೆ ಮೆಲ್ಲಗೆ ಹೇಳಿದ್ದಕ್ಕೆ, "ನನಗೇ ಪಾಠ ಹೇಳಿಕೊಡ್ತೀರಾ?" ಎಂದು ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಅಂದಿದ್ದ.

ಅವಳು ಇನ್‌ಕ್ಯುಬೇಟರಿನ ಕೆಳಗಿನ ಅಂತಸ್ತಿನ ಹಿಂಬದಿಗೆ ಕೈ ಹಾಕಿ ಇನ್ನೊಂದು ಫ್ಲಾಸ್ಕ್ ತೆಗೆದಳು. ತುಂಬಿದ ಎಣ್ಣೆ ಬಟ್ಟಲಿನಂತೆ ಅಲುಗಿಸದೆ ತಂದು ಮೈಕ್ರೋಸ್ಕೋಪಿಗಿಟ್ಟಳು. ಅವನು ಬಗ್ಗಿ ನೋಡಿದ. ತಳದ ತುಂಬಾ ಉದ್ದುದ್ದ ಕೋಶಗಳು, ಸೂಜಿ ಊರಲೂ ಜಾಗವಿಲ್ಲದಷ್ಟು. ಅವನು ಕಣ್ಣು ಎತ್ತಲಿಲ್ಲ.

"ಇದು ಯಾವ ಮೊಲದ್ದು?"

"ಅದೇ ಮೊಲದ್ದು, ಸಾರ್," ಎಂದಳು, ಕೈಗವಸು ಕಳಚುತ್ತ. "ನಿಮ್ಮ ಕೈಗುಣ ತಾಗದ ಹಾಗೆ ಹಿಂದೆ ಇಟ್ಟಿದ್ದೆ."